ಕೈ ಬಿಡದ ಬೀಗ

ಹಳೆ ಮೈಸೂರಿನ ಕಡೆ ಬೀಗ, ಬೀಗದ ಕೈ. ಧಾರವಾಡದ ಕಡೆ ಕೀಲಿ, ಕೀಲಿಕೈ. ಬ್ಯಾಂಕಿನ ನೌಕರಿಯಲ್ಲಿ ವರ್ಗವಾಗಿ ಎರಡೂ ಕಡೆಯ ನೀರು ಕುಡಿದವನಾದ್ದರಿಂದ ನನ್ನ ಬಾಯಲ್ಲಿ ಎರಡೂ ಬರುತ್ತವೆ. ಮೊಮ್ಮಕ್ಕಳಿಗೆ ಇದೆಲ್ಲ ಬೇಡ, ಅವರಿಗೆ ಎಲ್ಲವೂ ‘ಕೀ’. ಆದರೆ ಹಳೆಯ ಎರಡು ಹೆಸರಿನಲ್ಲೂ ಒಂದು ಕೈ ಇದೆ ನೋಡಿ. ಆ ಕೈ ಕಾರಿನ ಬೀಗದೊಳಗೆ ಸಿಕ್ಕಿಕೊಂಡು, ಎಳೆದರೂ ಬರುವುದಿಲ್ಲ ಎಂದು ಹಟ ಹಿಡಿದರೆ ಏನು ಮಾಡುವುದು ಅನ್ನುವುದೇ ಈ ವಾರದ ಮಾತು.

ಕಳೆದ ತಿಂಗಳು ತುಮಕೂರಿನಲ್ಲಿ ಒಂದು ಮದುವೆಗೆ ಹೋಗಿದ್ದೆ. ಮಂಟಪದ ಮುಂದೆ ಒಂದು ಕಾರಿನ ಸುತ್ತ ಆಗಲೇ ಏಳೆಂಟು ಜನ. ಗಂಡಿನ ಕಡೆಯ ನೆಂಟರ ಕಾರು, ಕೀ ಹೊರಗೆ ಬರುತ್ತಿಲ್ಲ. ಒಬ್ಬರು ಅಡುಗೆಮನೆಯಿಂದ ಕೊಬ್ಬರಿ ಎಣ್ಣೆ ತರಿಸಿದ್ದರು. ಶಾಮಿಯಾನದ ಹುಡುಗ ಇಕ್ಕಳ ಹಿಡಿದು ತಯಾರಾಗಿ ನಿಂತಿದ್ದ. ಮತ್ತೊಬ್ಬರು ಈಗಿನ ಕಾರುಗಳ ಗುಣಮಟ್ಟದ ಮೇಲೆ ಭಾಷಣ ಶುರು ಮಾಡಿದ್ದರು. ಒಳಗೆ ಮುಹೂರ್ತಕ್ಕೆ ಹೊತ್ತಾಗುತ್ತಿತ್ತು. ಅಷ್ಟರಲ್ಲಿ ಹಿಂದಿನ ಸೀಟಿನಲ್ಲಿದ್ದ ಹತ್ತು ವರ್ಷದ ಹುಡುಗಿ, “ಮಾವ, ಗೇರಿನ ಹತ್ತಿರ ‘ಪಿ’ ಬಂದಿಲ್ಲ, ‘ಎನ್’ ಅಲ್ಲೇ ಇದೆ” ಅಂದಳು. ಅದು ಆಟೋಮ್ಯಾಟಿಕ್ ಕಾರು. ಮಾವ ಕೀಯನ್ನು ಮತ್ತೆ ‘ಆನ್’ಗೆ ತಿರುಗಿಸಿ, ಬ್ರೇಕ್ ತುಳಿದು, ಗೇರನ್ನು ‘ಪಿ’ಗೆ ತಂದು, ಕೀಯನ್ನು ಹಿಂದಕ್ಕೆ ತಿರುಗಿಸಿದರು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಂತು. ಇಕ್ಕಳದ ಹುಡುಗನಿಗೆ ಸ್ವಲ್ಪ ನಿರಾಶೆಯಾದ ಹಾಗಿತ್ತು.

ಆ ಕಾರಿನಲ್ಲಿ ಕೆಟ್ಟದ್ದು ಏನೂ ಇರಲಿಲ್ಲ. ಬೀಗ ತನ್ನ ಕೆಲಸ ಮಾಡುತ್ತಿತ್ತು, ಅಷ್ಟೆ. ಬ್ಯಾಂಕಿನ ಲಾಕರ್ ಬಳಸಿದವರಿಗೆ ಇದು ಗೊತ್ತಿರುತ್ತದೆ. ಮೊದಲು ಬ್ಯಾಂಕಿನವರು ತಮ್ಮ ಕೀ ಹಾಕಿ ತಿರುಗಿಸುತ್ತಾರೆ, ಆಮೇಲೆ ಗಿರಾಕಿಯ ಕೀಗೆ ಬಾಗಿಲು ತೆರೆಯುತ್ತದೆ. ನಾನು ಕೆಲಸ ಮಾಡಿದ ಶಾಖೆಗಳ ಲಾಕರುಗಳಲ್ಲಿ ಬಾಗಿಲು ತೆರೆದಿರುವಷ್ಟು ಹೊತ್ತೂ ಗಿರಾಕಿಯ ಕೀ ಹೊರಗೆ ಬರುತ್ತಿರಲಿಲ್ಲ. ಬಾಗಿಲು ಹಾಕಿ ಬೀಗ ತಿರುಗಿಸಿದ ಮೇಲೇ ಬಿಡುಗಡೆ. “ಸಾರ್, ಕೀ ಸಿಕ್ಕಿಕೊಂಡಿದೆ” ಎಂದು ಗಾಬರಿಯಿಂದ ಕೌಂಟರಿಗೆ ಬಂದವರನ್ನು ನಾನು ಎಷ್ಟೋ ಸಲ ವಾಪಸು ಕರೆದುಕೊಂಡು ಹೋಗಿದ್ದೇನೆ. ಬಾಗಿಲು ಸರಿಯಾಗಿ ಒತ್ತಿದರೆ ಮುಗಿಯುತ್ತಿತ್ತು. ಒಡವೆ ಒಳಗಿಟ್ಟು, ಬೀಗ ಹಾಕುವುದು ಮರೆತು, ಕೀ ಮಾತ್ರ ಜೇಬಿಗೆ ಹಾಕಿಕೊಂಡು ಯಾರೂ ಮನೆಗೆ ಹೋಗಬಾರದಲ್ಲ, ಅದಕ್ಕೆ ಈ ಏರ್ಪಾಡು.

ಕಾರಿನ ಕಾರಣ ಇನ್ನೂ ಗಟ್ಟಿಯಾದದ್ದು. ಕೀ ತೆಗೆದ ಮೇಲೆ ಸ್ಟೀರಿಂಗ್ ಚಕ್ರವನ್ನು ತಿರುಗಿಸಿ ನೋಡಿ, ಸ್ವಲ್ಪ ಸರಿದು ‘ಟಕ್’ ಎಂದು ನಿಂತುಬಿಡುತ್ತದೆ. ಕಳ್ಳರಿಗೆ ಕಷ್ಟವಾಗಲೆಂದು ಒಳಗೊಂದು ಉಕ್ಕಿನ ಅಗುಳಿ ಇಟ್ಟಿದ್ದಾರೆ. ಓಡುವ ಕಾರಿನಲ್ಲಿ ಯಾರಾದರೂ ಕೀ ಎಳೆದರೆ ಆ ಅಗುಳಿ ಬಿದ್ದು, ತಿರುವಿನಲ್ಲಿ ಚಕ್ರ ತಿರುಗದೇ ಹೋದೀತು. ಆದ್ದರಿಂದ ಕೀ ಪೂರ್ತಿ ‘ಲಾಕ್’ ಗುರುತಿಗೆ ಬರದೆ ಬೀಗ ಅದನ್ನು ಬಿಡುವುದಿಲ್ಲ. ಗೇರ್ ನಾವೇ ಹಾಕುವ ಅನೇಕ ಕಾರುಗಳಲ್ಲಿ ಆ ಕೊನೆಯ ಗುರುತಿಗೆ ಬರಬೇಕಾದರೆ ಕೀಯನ್ನು ಸ್ವಲ್ಪ ಒಳಕ್ಕೆ ಒತ್ತಿ ತಿರುಗಿಸಬೇಕು. ಬೇರೆಯವರ ಕಾರು ಓಡಿಸುವಾಗ ಇದು ಗೊತ್ತಾಗದೆ ಜನ ಒದ್ದಾಡುತ್ತಾರೆ. ಹೊರಕ್ಕೆ ಎಳೆದಷ್ಟೂ ಬರುವುದಿಲ್ಲ, ಒಳಕ್ಕೆ ಒತ್ತಿದರೆ ಬರುತ್ತದೆ.

ಇಳಿಜಾರಿನಲ್ಲೋ, ಮುಂದಿನ ಚಕ್ರ ಫುಟ್‌ಪಾತಿನ ಕಲ್ಲಿಗೆ ಒತ್ತಿಕೊಂಡೋ ಕಾರು ನಿಂತಿದ್ದರೆ ಅಗುಳಿಯ ಮೇಲೆ ಭಾರ ಬಿದ್ದು ಬೀಗ ಬಿಗಿಯುತ್ತದೆ. ಹ್ಯಾಂಡ್‌ಬ್ರೇಕ್ ಹಾಕಿ. ಒಂದು ಕೈಯಲ್ಲಿ ಸ್ಟೀರಿಂಗನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ಅಲುಗಿಸುತ್ತಾ ಇನ್ನೊಂದು ಕೈಯಲ್ಲಿ ಕೀ ತಿರುಗಿಸಿ. ಒಂದು ಕಡೆ ಸಡಿಲ ಸಿಕ್ಕೇ ಸಿಗುತ್ತದೆ. ಇನ್ನು ಕೆಲವು ಆಟೋಮ್ಯಾಟಿಕ್ ಕಾರುಗಳಲ್ಲಿ ಕೀ ಬಿಡುವ ಕೊಂಡಿ ವಿದ್ಯುತ್ತಿನಿಂದ ನಡೆಯುತ್ತದೆ, ಬ್ಯಾಟರಿ ಸತ್ತರೆ ಅದೂ ಸತ್ತ ಹಾಗೆ. ದೀಪ, ಹಾರನ್ ಯಾವುದಕ್ಕೂ ಜೀವವಿಲ್ಲದಿದ್ದರೆ ಬೀಗವನ್ನು ಬೈಯದೆ ಬ್ಯಾಟರಿ ನೋಡಿಸಿ.

ಇದೆಲ್ಲ ಸರಿಯಿದ್ದೂ ಕೀ ಬಾರದಿದ್ದರೆ ಆಗ ಬೀಗದ ಹೊಟ್ಟೆಯ ವಿಚಾರ. ಹಲ್ಲುಗಳಿರುವ ಚಪ್ಪಟೆ ಕೀಯ ಬೀಗಕ್ಕೆ ಅಮೆರಿಕದ ಲೈನಸ್ ಯೇಲ್ 1861ರಲ್ಲಿ ಪೇಟೆಂಟ್ ಪಡೆದ. ಕಾರಿನ ಬೀಗ ಅದರ ತಮ್ಮನ ಹಾಗೆ. ಒಳಗೆ ತೆಳುವಾದ ಲೋಹದ ಬಿಲ್ಲೆಗಳು ಸಾಲಾಗಿವೆ, ಒಂದೊಂದರ ಹಿಂದೆಯೂ ಪುಟ್ಟ ಸ್ಪ್ರಿಂಗ್. ಕೀಯ ಹಲ್ಲು ಪ್ರತಿ ಬಿಲ್ಲೆಯನ್ನೂ ಅಳತೆಗೆ ಸರಿಯಾಗಿ ಎತ್ತಿದರೆ ಮಾತ್ರ ಉರುಳೆ ತಿರುಗುತ್ತದೆ. ಕೀ ಹೊರಬರುವಾಗ ಹಲ್ಲುಗಳು ಈ ಬಿಲ್ಲೆಗಳನ್ನೆಲ್ಲ ಸವರಿಕೊಂಡು ಬರಬೇಕು. ಧೂಳು ಕೂತರೆ, ಕೀ ಬಾಗಿದ್ದರೆ, ಹಲ್ಲು ಸವೆದಿದ್ದರೆ ಯಾವುದೋ ಒಂದು ಬಿಲ್ಲೆ ತಡೆಯುತ್ತದೆ. ಆಗ ಜಗ್ಗಬಾರದು. ಕೀ ‘ಲಾಕ್’ ಗುರುತಿನಲ್ಲೇ ಇರಲಿ. ತುಸು ಒಳಕ್ಕೆ ತಳ್ಳಿ, ಕೂದಲೆಳೆಯಷ್ಟು ಮೇಲೆ ಕೆಳಗೆ ಅಲುಗಿಸುತ್ತಾ ನೇರವಾಗಿ ಎಳೆಯಿರಿ. ಇಕ್ಕಳ ಹಾಕಿದರೆ ಕೀಯ ಕತ್ತು ಮುರಿದು ಅರ್ಧ ಒಳಗೇ ಉಳಿಯುತ್ತದೆ. ಹತ್ತು ನಿಮಿಷದ ಕೆಲಸ ಆಮೇಲೆ ಬೀಗವನ್ನೇ ಬದಲಿಸುವ ಖರ್ಚಾಗುತ್ತದೆ.

ಕೊಬ್ಬರಿ ಎಣ್ಣೆ ಬೇಡ. ನಮ್ಮ ಮನೆಗಳಲ್ಲಿ ತಲೆನೋವಿನಿಂದ ಬಾಗಿಲ ಕಿರುಗುಟ್ಟುವಿಕೆಯವರೆಗೆ ಅದೇ ಮದ್ದು ಎಂಬುದು ನಿಜ. ಆದರೆ ಬೀಗದೊಳಗೆ ಅದು ಎರಡು ದಿನ ಚೆನ್ನಾಗಿದ್ದು, ಆಮೇಲೆ ಧೂಳು ಹೀರಿ ಅಂಟಾಗುತ್ತದೆ. ಮಕ್ಕಳ ಕಂಪಾಸ್ ಪೆಟ್ಟಿಗೆಯಲ್ಲಿ ಇದಕ್ಕಿಂತ ಒಳ್ಳೆಯ ಮದ್ದಿದೆ: ಪೆನ್ಸಿಲ್. ‘ಲೆಡ್’ ಎಂದು ಕರೆದರೂ ಅದರಲ್ಲಿ ಸೀಸವಿಲ್ಲ, ಇರುವುದು ಗ್ರಾಫೈಟ್ ಮತ್ತು ಜೇಡಿಮಣ್ಣು. ಇಂಗ್ಲೆಂಡಿನ ಬೊರೋಡೇಲ್‌ನಲ್ಲಿ 16ನೇ ಶತಮಾನದಲ್ಲಿ ಗ್ರಾಫೈಟ್ ಸಿಕ್ಕಾಗ ಅದು ಸೀಸದ ಒಂದು ಬಗೆ ಎಂದುಕೊಂಡಿದ್ದರು, ಆ ಹೆಸರು ಇನ್ನೂ ಹೋಗಿಲ್ಲ. ಗ್ರಾಫೈಟಿನ ಪದರಗಳು ಒಂದರ ಮೇಲೊಂದು ಜಾರುತ್ತವೆ. ಮಕ್ಕಳೇ, ಕೀ ಹೊರಗೆ ಬಂದ ಮೇಲೆ ಮೆತ್ತಗಿನ ಪೆನ್ಸಿಲಿನಿಂದ, 4ಬಿ ಇದ್ದರೆ ಒಳ್ಳೆಯದು, ಅದರ ಎರಡೂ ಮೈಗೆ ಚೆನ್ನಾಗಿ ಗೀಚಿ ಅಪ್ಪನಿಗೋ ಅಮ್ಮನಿಗೋ ಕೊಡಿ. ಅವರು ಅದನ್ನು ನಾಲ್ಕೈದು ಸಲ ಬೀಗಕ್ಕೆ ಹಾಕಿ ತೆಗೆಯಲಿ. ಪುಡಿ ಮಾಡಿ ಸುರಿಯುವುದು ಬೇಡ. ಗ್ರಾಫೈಟಿನಲ್ಲಿ ವಿದ್ಯುತ್ ಹರಿಯುತ್ತದೆ, ಆ ಬೀಗದ ಬೆನ್ನಿಗೇ ಸ್ವಿಚ್ ಇದೆ.

ಏನು ಮಾಡಿದರೂ ಬಾರದಿದ್ದರೆ ಮೆಕ್ಯಾನಿಕ್ ಬರಬೇಕು. ಅವನು ಬರುವ ತನಕದ ಹೊತ್ತೇ ನನಗೆ ಹೆಚ್ಚು ಭಯದ್ದು. “ಇಲ್ಲೇ ಕೂತಿರಿ, ಬಂದೆ” ಎಂದು ಮಕ್ಕಳನ್ನು ಕಾರಿನಲ್ಲಿ ಬಿಟ್ಟು ದೊಡ್ಡವರು ಹೊರಟುಬಿಡುತ್ತಾರೆ. ಕೀ ಬೀಗದಲ್ಲೇ ಇದೆ, ಕಾರು ಗೇರಿನಲ್ಲಿದೆ. ಮಗುವೊಂದು ಮುಂದೆ ಬಂದು ಕೀ ತಿರುಗಿಸಿದರೆ ಸ್ಟಾರ್ಟರ್ ಮೋಟಾರೇ ಕಾರನ್ನು ಮುಂದಕ್ಕೆ ಹಾರಿಸುತ್ತದೆ. ಕ್ಲಚ್ ತುಳಿಯದೆ ಸ್ಟಾರ್ಟ್ ಆಗದ ಕಾರುಗಳು ಈಗ ಬಂದಿವೆ, ಆದರೆ ಎಲ್ಲವೂ ಹಾಗಿಲ್ಲ. ಜೊತೆಗೆ ಬಿಸಿಲಿಗೆ ನಿಂತ ಕಾರು ಕೆಲವೇ ನಿಮಿಷದಲ್ಲಿ ಒಲೆಯಾಗುತ್ತದೆ. ಮಕ್ಕಳು ಕೆಳಗಿಳಿಯಲಿ, ಒಬ್ಬ ದೊಡ್ಡವರು ಕಾರಿನ ಹತ್ತಿರವೇ ನಿಲ್ಲಲಿ. ಕಾರಿಗೆ ಕಾವಲೂ ಆಯಿತು.

ಕೀ ಗೊಂಚಲಿನ ಬಗ್ಗೆ ಒಂದು ಮಾತು. ಮನೆಯ ಕೀ, ಬೀರುವಿನದು, ಗೋದಾಮಿನದು, ಜೊತೆಗೆ ಒಂದು ಹಿತ್ತಾಳೆಯ ಗಣಪತಿ, ಎಲ್ಲವೂ ಕಾರಿನ ಕೀಗೆ ಜೋತುಬಿದ್ದಿರುತ್ತವೆ. ಆ ಭಾರಕ್ಕೆ ಬೀಗ ಸವೆಯುತ್ತದೆ. ಇದು ಸಣ್ಣ ಸಂಗತಿಯಲ್ಲ. ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿ 2014ರಲ್ಲಿ ಸುಮಾರು 26 ಲಕ್ಷ ಕಾರುಗಳನ್ನು ವಾಪಸು ಕರೆಸಿತು. ಅವುಗಳ ಸ್ವಿಚ್ ಎಷ್ಟು ಸಡಿಲವಾಗಿತ್ತೆಂದರೆ, ಗೊಂಚಲಿನ ಭಾರಕ್ಕೋ ಗುಂಡಿಯ ಕುಲುಕಿಗೋ ಓಡುವಾಗಲೇ ಕೀ ತಿರುಗಿ ಎಂಜಿನ್ ನಿಲ್ಲಬಹುದಿತ್ತು, ಅಪಘಾತದಲ್ಲಿ ಏರ್‌ಬ್ಯಾಗ್ ಕೂಡ ಬಿಚ್ಚದೇ ಹೋಗುತ್ತಿತ್ತು. ಕಂಪನಿಯ ಪರಿಹಾರ ನಿಧಿ ಒಪ್ಪಿಕೊಂಡ ಸಾವುಗಳೇ 124. ರಿಪೇರಿಯಾಗುವ ತನಕ ಕಾರಿನ ಕೀಯನ್ನು ಒಂಟಿಯಾಗಿಯೇ ಬಳಸಿ ಎಂದು ಕಂಪನಿ ಎಲ್ಲರಿಗೂ ಹೇಳಬೇಕಾಯಿತು.

ನಕಲು ಕೀ ಮಾಡಿಸುವಾಗ ದಿನಾ ಬಳಸಿ ಸವೆದದ್ದನ್ನು ಕೊಡಬೇಡಿ, ಸವೆತದ ಸಮೇತ ನಕಲಾಗುತ್ತದೆ. ಬೀರುವಿನಲ್ಲಿ ಮಲಗಿರುವ ಎರಡನೆಯ ಕೀಯನ್ನೇ ಕೊಡಿ. ಈಗಿನ ಕೀಗಳ ತಲೆಯೊಳಗೆ ಒಂದು ಚಿಪ್ ಇರುತ್ತದೆ. ಅದಿಲ್ಲದ ನಕಲು ಬೀಗದಲ್ಲಿ ತಿರುಗಿದರೂ ಎಂಜಿನ್ ಏಳುವುದಿಲ್ಲ. ಆದ್ದರಿಂದ ಕೀ ಮುರಿದರೂ ತಲೆಯ ಭಾಗವನ್ನು ಎಸೆಯಬಾರದು. ಕಾರು ಕೊಂಡಾಗ ಕೀ ಜೊತೆ ಸಂಖ್ಯೆ ಬರೆದ ಒಂದು ಪುಟ್ಟ ಬಿಲ್ಲೆಯನ್ನೂ ಕೊಟ್ಟಿರುತ್ತಾರೆ. ಆ ಸಂಖ್ಯೆಯಿಂದ ಹೊಸ ಕೀಯನ್ನು ಮೂಲ ಅಳತೆಗೇ ಮಾಡಬಹುದು. ಬಹಳ ಮಂದಿ ಅದನ್ನು ಗೊಂಚಲಿಗೇ ಸಿಕ್ಕಿಸಿಕೊಂಡು ತಿರುಗುತ್ತಾರೆ. ಕೀ ಕಳೆದರೆ ಸಂಖ್ಯೆಯೂ ಹೋಯಿತು, ಸಿಕ್ಕವನಿಗೆ ಎರಡೂ ಸಿಕ್ಕಿತು. ನಮ್ಮ ಮನೆಯದು ಹಳೆಯ ಪಾಸ್‌ಬುಕ್ಕಿನ ಕವರಿನಲ್ಲಿದೆ.