ದತ್ತಾಂಶದ ವಲಸೆಗೆ ಮುಹೂರ್ತ ಇಡುವವರು ಯಾರು?

‘ವಲಸೆ’ ಎಂದೊಡನೆ ನಮ್ಮವರ ಮನಸ್ಸಿಗೆ ಬರುವುದು ಪಾಸ್‌ಪೋರ್ಟು, ವೀಸಾ, ವಿಮಾನ ನಿಲ್ದಾಣದಲ್ಲಿ ಕಣ್ಣೊರೆಸಿಕೊಳ್ಳುವ ತಾಯಿ. ಈ ಅಂಕಣವನ್ನು ಓದುವ ತಂದೆತಾಯಂದಿರೂ, ಹೊರಡಲು ಸಿದ್ಧರಾಗುತ್ತಿರುವ ಕಿರಿಯರೂ ಹೆಚ್ಚಾಗಿ ಕೇಳುವ ಪ್ರಶ್ನೆ, ‘ಯಾವಾಗ ಹೊರಡಬೇಕು?’ ಎಂಬುದು. ಇದೇ ಪ್ರಶ್ನೆಯನ್ನು ಇನ್ನೊಂದು ಬಗೆಯ ವಲಸೆಯ ಕುರಿತೂ ಕೇಳಬೇಕಾಗಿದೆ. ಆಸ್ಪತ್ರೆಯ ತಂತ್ರಾಂಶವನ್ನು ಹಳೆಯ ಡೇಟಾಬೇಸ್ ಎಂಜಿನ್‌ನಿಂದ ಹೊಸದಕ್ಕೆ ಸಾಗಿಸುವ ವಲಸೆ ಅದು. ವಿದೇಶದಲ್ಲಿರುವ ನಿಮ್ಮ ಮಗನೋ ಸೊಸೆಯೋ ಕಂಪ್ಯೂಟರ್ ಕ್ಷೇತ್ರದಲ್ಲಿದ್ದರೆ, ಶನಿವಾರ ರಾತ್ರಿ ಅವರು ಫೋನ್ ಎತ್ತದಿರುವುದಕ್ಕೆ ಇಂಥದೊಂದು ವಲಸೆ ಕಾರಣವಾಗಿರಬಹುದು.

ನಾನು ವೈದ್ಯ, ತಂತ್ರಜ್ಞನಲ್ಲ. ಆದರೂ ಈ ವಿಷಯದಲ್ಲಿ ಮಾತನಾಡುವ ಅಧಿಕಾರ ವೈದ್ಯನಿಗಿದೆ ಎಂಬುದೇ ಈ ಬರಹದ ವಾದ. ನಾನು ವಾಸಿಸುವ ಮುಥೈಗಾದಿಂದ ಪಾರ್ಕ್‌ಲ್ಯಾಂಡ್ಸ್ ಕಡೆಗೆ ಹೊರಟರೆ ನೈರೋಬಿಯ ಸಣ್ಣ ದೊಡ್ಡ ಆಸ್ಪತ್ರೆಗಳು, ಕ್ಲಿನಿಕ್ಕುಗಳು, ಪ್ರಯೋಗಾಲಯಗಳು ಸಾಲುಸಾಲಾಗಿ ಸಿಗುತ್ತವೆ. ನಾನು ಎಂಬಿಬಿಎಸ್ ಓದುವಾಗ ಕೆಂಪು ದಾರದಲ್ಲಿ ಕಟ್ಟಿದ ಕಡತದಲ್ಲಿದ್ದ ರೋಗಿಯ ಚರಿತ್ರೆ ಇಂದು ಪರದೆಯ ಮೇಲಿದೆ. ರೋಗಿಗೆ ಪೆನಿಸಿಲಿನ್ ಒಗ್ಗುವುದಿಲ್ಲ ಎಂಬ ಒಂದು ಸಾಲು ಆ ಪರದೆಯಲ್ಲಿ ಕಾಣದೇ ಹೋದರೆ ಹೊಣೆ ಹೊರಬೇಕಾದವನು ಔಷಧಿ ಬರೆದ ವೈದ್ಯನೇ ಹೊರತು ಸರ್ವರ್ ಅಲ್ಲ.

ಮೊದಲು ಈ ‘ಎಂಜಿನ್’ ಎಂದರೇನು ಎಂಬುದನ್ನು ಸರಳವಾಗಿ ಹೇಳುತ್ತೇನೆ. ದೊಡ್ಡ ಮಠವೊಂದರ ಉಗ್ರಾಣವನ್ನು ಕಲ್ಪಿಸಿಕೊಳ್ಳಿ. ಅಡುಗೆಯವನು ತಾನೇ ಉಗ್ರಾಣಕ್ಕೆ ನುಗ್ಗುವುದಿಲ್ಲ. ಉಗ್ರಾಣಿಯನ್ನು ಕೇಳುತ್ತಾನೆ, ಉಗ್ರಾಣಿ ತೆಗೆದುಕೊಡುತ್ತಾನೆ. ವೈದ್ಯರು ನೋಡುವ ಪರದೆ, ಅದರ ಹಿಂದಿನ ತಂತ್ರಾಂಶ, ಇವು ಅಡುಗೆಮನೆ. ರೋಗಿಗಳ ವಿವರಗಳು ಉಗ್ರಾಣದ ದಿನಸಿ. ಮೈಎಸ್‌ಕ್ಯೂಎಲ್, ಪೋಸ್ಟ್‌ಗ್ರೆಸ್, ಒರಾಕಲ್ ಮೊದಲಾದ ಡೇಟಾಬೇಸ್ ಎಂಜಿನ್‌ಗಳು ಉಗ್ರಾಣಿಗಳು. ದಿನಸಿ ಅದೇ, ಅಡುಗೆಯೂ ಅದೇ. ಉಗ್ರಾಣಿ ಮಾತ್ರ ಬದಲಾಗುತ್ತಾನೆ. ಆದರೆ ಹಳೆಯ ಉಗ್ರಾಣಿಗೆ ಕೆಲವು ಅಭ್ಯಾಸಗಳಿದ್ದವು. ಅಡುಗೆಯವನು ತನಗರಿವಿಲ್ಲದೆ ಅವುಗಳನ್ನೇ ನಂಬಿಕೊಂಡಿದ್ದ. ತೊಂದರೆ ಹುಟ್ಟುವುದು ಅಲ್ಲಿ.

ಒಂದು ನಿಜವಾದ ಉದಾಹರಣೆ ಕೊಡುತ್ತೇನೆ. ಮೈಎಸ್‌ಕ್ಯೂಎಲ್‌ನ 5.7ನೇ ಆವೃತ್ತಿ 2015ರ ಅಕ್ಟೋಬರ್‌ನಲ್ಲಿ ಬಂದಿತು. ವಿವರಗಳನ್ನು ದಿನಾಂಕದ ಪ್ರಕಾರ ಗುಂಪು ಮಾಡಿ ಕೊಡು ಎಂದರೆ ಅದು ಗುಂಪು ಮಾಡುವುದಲ್ಲದೆ, ಕೇಳದಿದ್ದರೂ ಅವುಗಳನ್ನು ಕ್ರಮವಾಗಿ ಜೋಡಿಸಿಯೂ ಕೊಡುತ್ತಿತ್ತು. 2018ರ ಏಪ್ರಿಲ್‌ನಲ್ಲಿ ಬಂದ 8.0 ಆವೃತ್ತಿ ಈ ಉಪಕಾರವನ್ನು ನಿಲ್ಲಿಸಿತು. ಕ್ರಮ ಬೇಕಿದ್ದರೆ ಸ್ಪಷ್ಟವಾಗಿ ಕೇಳಬೇಕು. ಹಳೆಯ ಅಭ್ಯಾಸವನ್ನು ನಂಬಿ ಬರೆದ ತಂತ್ರಾಂಶ ಹೊಸ ಎಂಜಿನ್‌ನಲ್ಲಿ ಯಾವ ದೋಷವನ್ನೂ ತೋರಿಸುವುದಿಲ್ಲ. ಆದರೆ ಮೂತ್ರಪಿಂಡದ ರೋಗಿಯ ಕ್ರಿಯಾಟಿನಿನ್ ಫಲಿತಾಂಶಗಳ ಪಟ್ಟಿಯಲ್ಲಿ ಇಂದಿನದು ಎಂದು ವೈದ್ಯ ಭಾವಿಸುವ ಸಾಲಿನಲ್ಲಿ ಮೂರು ತಿಂಗಳ ಹಿಂದಿನದು ಕುಳಿತಿರಬಹುದು. ಕಂಪ್ಯೂಟರ್ ಕೆಟ್ಟು ನಿಂತರೆ ಎಲ್ಲರಿಗೂ ಗೊತ್ತಾಗುತ್ತದೆ. ನಿಲ್ಲದೆ ತಪ್ಪು ಹೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ.

ಹಾಗಿದ್ದರೆ ಹಳೆಯದರಲ್ಲೇ ಇದ್ದುಬಿಡಬಾರದೇ? ಚೆನ್ನಾಗಿ ನಡೆಯುತ್ತಿರುವುದನ್ನು ಮುಟ್ಟುವುದೇಕೆ? ನಮ್ಮ ಆಸ್ಪತ್ರೆಯ ಸಮಿತಿಯಲ್ಲಿ ಈ ಪ್ರಶ್ನೆಯನ್ನು ಮೊದಲು ಎತ್ತಿದವರು ಲೆಕ್ಕಪತ್ರ ನೋಡುವವರು. ಪ್ರಶ್ನೆ ಸಮಂಜಸವಾದದ್ದೇ. ಆದರೆ 5.7 ಆವೃತ್ತಿಗೆ ತಯಾರಕರ ಬೆಂಬಲ 2023ರ ಅಕ್ಟೋಬರ್‌ನಲ್ಲಿ ಮುಗಿಯಿತು. ಆಮೇಲೆ ಅದರಲ್ಲಿ ಭದ್ರತೆಯ ಬಿರುಕು ಕಂಡುಬಂದರೆ ಮುಚ್ಚುವ ಹೊಣೆ ತಯಾರಕರದಲ್ಲ. ಕೆನ್ಯಾದಲ್ಲಿ 2019ರ ದತ್ತಾಂಶ ಸಂರಕ್ಷಣಾ ಕಾಯ್ದೆ ಜಾರಿಯಲ್ಲಿದೆ. ಆರೋಗ್ಯದ ವಿವರಗಳನ್ನು ಅದು ಸೂಕ್ಷ್ಮ ಮಾಹಿತಿ ಎಂದೇ ಪರಿಗಣಿಸುತ್ತದೆ. ‘ಹಳೆಯ ಎಂಜಿನ್ ಚೆನ್ನಾಗಿಯೇ ನಡೆಯುತ್ತಿತ್ತು’ ಎಂಬ ಉತ್ತರ ಸೋರಿಕೆಯಾದ ಮರುದಿನ ಯಾರ ಮುಂದೆಯೂ ನಿಲ್ಲದು.

ವೈದ್ಯಕೀಯದಲ್ಲಿ ಇಂಥ ಸಂದಿಗ್ಧ ಹೊಸದಲ್ಲ. ಹೊಟ್ಟೆಯೊಳಗಿನ ಮಹಾಅಪಧಮನಿ ಕೆಲವರಲ್ಲಿ ಬಲೂನಿನಂತೆ ಉಬ್ಬುತ್ತದೆ. ರೋಗಿಗೆ ನೋವಿಲ್ಲ, ನಡೆಯುತ್ತಾನೆ, ಉಣ್ಣುತ್ತಾನೆ. ಉಬ್ಬು ಕಂಡ ದಿನವೇ ನಾವು ಶಸ್ತ್ರಚಿಕಿತ್ಸೆಗೆ ಕಳಿಸುವುದಿಲ್ಲ; ಶಸ್ತ್ರಚಿಕಿತ್ಸೆಗೂ ತನ್ನದೇ ಆದ ಅಪಾಯವಿದೆ. ಒಡೆಯುವವರೆಗೆ ಕಾಯುವುದೂ ಇಲ್ಲ. ಒಡೆದ ಮೇಲೆ ಬದುಕುಳಿಯುವವರು ಕಡಿಮೆ. ನಿಯತವಾಗಿ ಅಳೆಯುತ್ತೇವೆ. ಗಂಡಸರಲ್ಲಿ ಸುಮಾರು 5.5 ಸೆಂಟಿಮೀಟರ್ ಮುಟ್ಟಿದಾಗ ಶಸ್ತ್ರಚಿಕಿತ್ಸೆಗೆ ದಿನ ಗೊತ್ತುಮಾಡುತ್ತೇವೆ. ಗಮನಿಸಬೇಕಾದುದು ಇದು: ಗಡಿಯನ್ನು ಮುಂಚೆಯೇ ನಿಗದಿಪಡಿಸಿರುತ್ತೇವೆ. ಡೇಟಾಬೇಸ್‌ಗೂ ಈ ವಿವೇಕವೇ ಸಲ್ಲುತ್ತದೆ. ಹೊಸತನದ ಮೋಹವೂ ಹಳೆಯದರ ಸೋಮಾರಿತನವೂ ಮುಹೂರ್ತ ಇಡಬಾರದು; ಮೊದಲೇ ಬರೆದಿಟ್ಟ ಗಡಿಯೇ ಇಡಬೇಕು.

ಆ ಗಡಿ ಯಾವುದು ಎಂಬುದಕ್ಕೆ ಕೆನ್ಯಾದ ನೆಲದಲ್ಲೇ ಒಳ್ಳೆಯ ಪಾಠವಿದೆ. ಪಶ್ಚಿಮ ಕೆನ್ಯಾದ ಎಲ್ಡೊರೆಟ್ ನಗರಕ್ಕೆ ಸಮೀಪದ ಮೊಸೊರಿಯೊಟ್ ಗ್ರಾಮೀಣ ಆರೋಗ್ಯ ಕೇಂದ್ರದಲ್ಲಿ 2001ರಲ್ಲಿ ರೋಗಿಗಳ ದಾಖಲೆಗೆ ಕಂಪ್ಯೂಟರ್ ಬಂದಿತು. ಮೋಯಿ ವಿಶ್ವವಿದ್ಯಾಲಯ ಮತ್ತು ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ವೈದ್ಯರು ಜೊತೆಗೂಡಿ ಕಟ್ಟಿದ ಆ ವ್ಯವಸ್ಥೆ ನಿಂತಿದ್ದುದು ಮೈಕ್ರೋಸಾಫ್ಟ್ ಆಕ್ಸೆಸ್ ಮೇಲೆ. ಹಳ್ಳಿಯ ಒಂದು ಕೇಂದ್ರಕ್ಕೆ ಅದು ಸಾಕಾಗಿತ್ತು. ಆ ಆಯ್ಕೆಯನ್ನು ಇಂದು ನಗುವುದು ಅವಿವೇಕ. ಆದರೆ ಎಲ್ಡೊರೆಟ್‌ನ ಆಂಪಾತ್ ಎಚ್‌ಐವಿ ಚಿಕಿತ್ಸಾ ಕಾರ್ಯಕ್ರಮ ವರ್ಷದಿಂದ ವರ್ಷಕ್ಕೆ ಬೆಳೆಯಿತು. ಆಕ್ಸೆಸ್‌ನ ಒಂದು ಕಡತ 2 ಗಿಗಾಬೈಟ್ ಮೀರುವಂತಿಲ್ಲ; ಹಲವು ಮಂದಿ ಏಕಕಾಲಕ್ಕೆ ಬರೆಯುವ ಭಾರ ಹೊರಲು ಅದನ್ನು ಮಾಡಿದ್ದೂ ಅಲ್ಲ. 2004ರಲ್ಲಿ ಓಪನ್‌ಎಂಆರ್‌ಎಸ್ ಎಂಬ ಮುಕ್ತ ತಂತ್ರಾಂಶದ ಕಲ್ಪನೆ ಮೂಡಿತು. ಮೈಎಸ್‌ಕ್ಯೂಎಲ್ ಎಂಜಿನ್ ಮೇಲೆ ನಿಂತ ಅದು 2006ರಲ್ಲಿ ಎಲ್ಡೊರೆಟ್‌ನಲ್ಲಿ ಬಳಕೆಗೆ ಬಂದಿತು. ಕೆನ್ಯಾದ ಸರ್ಕಾರಿ ಕೇಂದ್ರಗಳಲ್ಲಿರುವ ಕೆನ್ಯಾಇಎಂಆರ್ ಅದರದೇ ಸಂತಾನ; ನಮ್ಮ ಛತ್ತೀಸ್‌ಗಢದ ಗನಿಯಾರಿಯ ಆಸ್ಪತ್ರೆಯಲ್ಲಿ ಬೆಳೆದ ಬಹ್ಮ್ನಿಯೂ ಅದನ್ನೇ ಆಧರಿಸಿದ್ದು. ಆಕ್ಸೆಸ್ ಹಳತಾಯಿತು ಎಂಬುದಕ್ಕಿಂತ ರೋಗಿಗಳ ಸಂಖ್ಯೆ ಅದರ ಅಳತೆ ಮೀರಿತು ಎಂಬುದೇ ಇಲ್ಲಿ ಕಾರಣ.

ಹೀಗಾಗಿ ನನ್ನ ಮಟ್ಟಿಗೆ ಹೊರಡುವ ಗಡಿಗಳು ಮೂರು. ಬೆಂಬಲ ಮುಗಿಯುವ ದಿನಾಂಕ ಒಂದು. ಅದಕ್ಕೆ ಒಂದು ವರ್ಷ ಮೊದಲೇ ಸಿದ್ಧತೆ ಆರಂಭವಾಗಬೇಕು. ಕೆಲಸದ ಅಗತ್ಯ ಎಂಜಿನ್‌ನ ಶಕ್ತಿಯನ್ನು ಮೀರುವುದು ಎರಡನೆಯದು. ಹಳೆಯದನ್ನು ಬಲ್ಲವರು ಕಡಿಮೆಯಾಗಿ, ಒಬ್ಬ ತಂತ್ರಜ್ಞ ಕೆಲಸ ಬಿಟ್ಟರೆ ಕೈಕಾಲು ಆಡದ ಸ್ಥಿತಿ ಬರುವುದು ಮೂರನೆಯದು. ಈ ಮೂರರಲ್ಲಿ ಒಂದೂ ಇಲ್ಲದಿದ್ದರೆ, ಹೊಸ ಆವೃತ್ತಿ ಎಷ್ಟೇ ಥಳಥಳಿಸಿದರೂ ಕಾಯಬಹುದು.

ಕಾಯುವುದಕ್ಕೂ ಬೆಲೆಯಿದೆ ಎಂಬುದನ್ನು ಮಾತ್ರ ಮರೆಯಬಾರದು. ಮೈಎಸ್‌ಕ್ಯೂಎಲ್‌ನಲ್ಲಿ ಇರುವ ಜಾಗದಲ್ಲೇ ಮೇಲೇರಿಸುವಾಗ ಮೆಟ್ಟಿಲು ಹಾರುವಂತಿಲ್ಲ. 5.6ರಲ್ಲಿರುವವನು 5.7ಕ್ಕೆ ಬಂದೇ 8.0ಕ್ಕೆ ಹೋಗಬೇಕು; 5.7ರಲ್ಲಿರುವವನು 8.0 ದಾಟಿಯೇ 2024ರಲ್ಲಿ ಬಂದ, ದೀರ್ಘಾವಧಿ ಬೆಂಬಲದ 8.4ನ್ನು ತಲುಪಬೇಕು. 8.0ಕ್ಕೂ ತಯಾರಕರು ಕೊಟ್ಟ ಆಯುಷ್ಯ 2026ರ ಏಪ್ರಿಲ್‌ವರೆಗೆ ಮಾತ್ರ. ಪೋಸ್ಟ್‌ಗ್ರೆಸ್ ಎಂಜಿನ್‌ನ ಪ್ರತಿ ಪ್ರಮುಖ ಆವೃತ್ತಿಗೂ ಐದು ವರ್ಷದ ಬೆಂಬಲ. ಒಂದು ಮೆಟ್ಟಿಲು ತಪ್ಪಿಸಿಕೊಂಡವನಿಗೆ ಮುಂದಿನ ಬಾರಿ ಎರಡು ಮೆಟ್ಟಿಲುಗಳ ಖರ್ಚು.

ಇನ್ನೊಂದು ಕಟುಸತ್ಯ: ಇದು ಹಿಂದಿರುಗುವ ದಾರಿಯಿಲ್ಲದ ಪಯಣ. 8.0ಕ್ಕೆ ಏರಿಸಿದ ದತ್ತಾಂಶವನ್ನು ಹಾಗೆಯೇ 5.7ಕ್ಕೆ ಇಳಿಸಲಾಗದು. ಹಿಂದೆ ಬರಬೇಕಾದರೆ ಹೊರಡುವ ಮುನ್ನ ತೆಗೆದಿಟ್ಟ ಬ್ಯಾಕಪ್ ಒಂದೇ ಗತಿ. ‘ಬ್ಯಾಕಪ್ ಇದೆಯೇ?’ ಎಂದು ಸಮಿತಿಯಲ್ಲಿ ಕೇಳಿದರೆ ಎಲ್ಲರೂ ತಲೆಯಾಡಿಸುತ್ತಾರೆ. ಕೇಳಬೇಕಾದ ಪ್ರಶ್ನೆ, ‘ಆ ಬ್ಯಾಕಪ್‌ನಿಂದ ಆಸ್ಪತ್ರೆಯ ದಾಖಲೆಯನ್ನು ಮರಳಿ ಎದ್ದು ನಿಲ್ಲಿಸಲು ಎಷ್ಟು ಗಂಟೆ ಬೇಕು, ಕಳೆದ ಬಾರಿ ಅದನ್ನು ಪ್ರಯೋಗ ಮಾಡಿ ನೋಡಿದ್ದು ಯಾವಾಗ?’ ಎಂಬುದು. ಈ ಪ್ರಶ್ನೆಗೆ ಗಂಟೆ ಮತ್ತು ದಿನಾಂಕದ ಉತ್ತರ ಬರುವವರೆಗೆ ಮುಹೂರ್ತದ ಮಾತೇ ಬೇಡ.

ಪೂರ್ವಾಭ್ಯಾಸ ಮಾಡುವಾಗ ವೈದ್ಯರೂ ಪರದೆಯ ಮುಂದೆ ಕುಳಿತಿರಬೇಕು. ದತ್ತಾಂಶದ ಪ್ರತಿಯೊಂದನ್ನು ಹೊಸ ಎಂಜಿನ್‌ನಲ್ಲಿ ತುಂಬಿ, ತಾವು ಬಲ್ಲ ರೋಗಿಗಳ ದಾಖಲೆಗಳನ್ನು ತೆರೆದು, ಅಲರ್ಜಿ, ಔಷಧಿಯ ಪ್ರಮಾಣ, ರಕ್ತಪರೀಕ್ಷೆಯ ಕ್ರಮ ಇವನ್ನು ಹಳೆಯದರೊಂದಿಗೆ ಸಾಲು ಸಾಲಾಗಿ ತಾಳೆ ನೋಡಬೇಕು. ಹೆಸರುಗಳನ್ನೂ ನೋಡಬೇಕು. 5.7ರವರೆಗಿನ ಮೈಎಸ್‌ಕ್ಯೂಎಲ್ ತಾನಾಗಿ ಬಳಸುತ್ತಿದ್ದ ಅಕ್ಷರ ಸಂಕೇತ ರೋಮನ್ ಲಿಪಿಗೆ ಹೊಂದುವಂಥದ್ದು, 8.0ರಲ್ಲಿ ಅದು ಜಗತ್ತಿನ ಎಲ್ಲ ಲಿಪಿಗಳನ್ನೂ ಹಿಡಿಯಬಲ್ಲ ಯೂನಿಕೋಡ್‌ಗೆ ಬದಲಾಯಿತು. ಹಳೆಯದು ಯಾವ ಸಂಕೇತದಲ್ಲಿ ಕುಳಿತಿದೆ ಎಂಬುದನ್ನು ತಿಳಿಯದೆ ಸಾಗಿಸಿದರೆ ಅಮ್ಹಾರಿಕ್, ಗುಜರಾತಿ ಅಥವಾ ಕನ್ನಡದ ಹೆಸರು ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಬಹುದು. ಇದನ್ನು ಕಂಡುಹಿಡಿಯುವವನು ಆ ರೋಗಿಯನ್ನು ಬಲ್ಲವನೇ.

ಎರಡು ಬದಲಾವಣೆಗಳನ್ನು ಒಂದೇ ದಿನ ಮಾಡಬಾರದೆಂಬುದೂ ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ನಿಯಮ. ಒಟ್ಟಿಗೆ ಎರಡು ಹೊಸ ಔಷಧಿ ಕೊಟ್ಟರೆ ಮೈಮೇಲೆ ಎದ್ದ ದದ್ದು ಯಾವುದರಿಂದ ಎಂದು ಹೇಳುವುದು ಕಷ್ಟ. 2024ರ ಅಕ್ಟೋಬರ್ 1ರಂದು ಕೆನ್ಯಾದಲ್ಲಿ ಹಳೆಯ ಎನ್‌ಎಚ್‌ಐಎಫ್ ಆರೋಗ್ಯ ವಿಮೆಯ ಸ್ಥಾನಕ್ಕೆ ಎಸ್‌ಎಚ್‌ಎ ಬಂದಿತು. ವಿಮೆಯ ವ್ಯವಸ್ಥೆಯೇ ಬದಲಾಗುವ ಅಂಥ ವೇಳೆಯಲ್ಲಿ ಎಂಜಿನ್ ಬದಲಿಸುವುದು ವಿವೇಕವಲ್ಲ. ಹಾಗೆಯೇ ‘ಡಿಸೆಂಬರ್ ಕೊನೆಯ ವಾರ ಮಾಡೋಣ, ನೈರೋಬಿ ಖಾಲಿಯಿರುತ್ತದೆ’ ಎಂಬ ಸಲಹೆ ಪ್ರತಿ ವರ್ಷವೂ ಬರುತ್ತದೆ. ರೋಗಿಗಳು ಊರಿಗೆ ಹೋಗಿರುವುದು ನಿಜ. ಆದರೆ ಕರೆದರೆ ಓಡಿಬರಬೇಕಾದ ತಂತ್ರಜ್ಞರೂ ಊರಿಗೆ ಹೋಗಿರುತ್ತಾರೆ.

ಹೊರಡುವ ರೀತಿಗೂ ಜಗತ್ತಿನಲ್ಲಿ ಮಾದರಿಗಳಿವೆ. ಕೆನ್ಯಾದ ಮನೆಮನೆಯ ಹಣದ ವ್ಯವಹಾರವಾದ ಎಂ-ಪೆಸಾ 2007ರಲ್ಲಿ ಆರಂಭವಾಯಿತು. ಅದರ ಸರ್ವರ್‌ಗಳು ಬಹುಕಾಲ ಜರ್ಮನಿಯಲ್ಲಿದ್ದವು. 2015ರ ಏಪ್ರಿಲ್‌ನಲ್ಲಿ ಜನರಿಗೆ ಮುಂಚಿತವಾಗಿ ತಿಳಿಸಿ, ಸೇವೆಯನ್ನು ಕೆಲವು ಗಂಟೆ ನಿಲ್ಲಿಸಿ, ಹೊಸ ವ್ಯವಸ್ಥೆಯೊಂದಿಗೆ ಅದನ್ನು ಕೆನ್ಯಾಕ್ಕೆ ತಂದರು. ಅದಕ್ಕೆ ಎದುರಾಗಿ ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕು 2018ರ ಏಪ್ರಿಲ್‌ನಲ್ಲಿ ಸುಮಾರು 52 ಲಕ್ಷ ಗ್ರಾಹಕರ ದಾಖಲೆಗಳನ್ನು ಹೊಸ ವ್ಯವಸ್ಥೆಗೆ ಸಾಗಿಸಿತು. ಅನೇಕರು ತಮ್ಮ ಖಾತೆಯನ್ನು ತೆರೆಯಲಾಗದೆ ಪರದಾಡಿದರು. ಎಲ್ಲವೂ ಸಹಜ ಸ್ಥಿತಿಗೆ ಬರಲು ತಿಂಗಳುಗಳೇ ಹಿಡಿದವು. 2022ರಲ್ಲಿ ನಿಯಂತ್ರಕರು 4.86 ಕೋಟಿ ಪೌಂಡ್ ದಂಡ ವಿಧಿಸಿದರು. ನಮ್ಮ ಕರ್ನಾಟಕದ ‘ಭೂಮಿ’ ಯೋಜನೆ ಸುಮಾರು 2 ಕೋಟಿ ಪಹಣಿಗಳನ್ನು ಕೈಬರಹದಿಂದ ಕಂಪ್ಯೂಟರಿಗೆ ತಂದದ್ದು ತಾಲ್ಲೂಕಿನಿಂದ ತಾಲ್ಲೂಕಿಗೆ ಸಾಗುತ್ತ. ನಿಧಾನ ಎಂದು ಕಂಡರೂ ಒಂದು ಕಡೆ ಕಲಿತದ್ದು ಮುಂದಿನ ಕಡೆಗೆ ಒದಗುತ್ತದೆ. ಹಲವು ಶಾಖೆಗಳಿರುವ ಆಸ್ಪತ್ರೆಗೆ ನಾನು ಸೂಚಿಸುವುದು ಈ ದಾರಿಯನ್ನೇ: ಮೊದಲು ಸಣ್ಣ ಶಾಖೆ, ಕೊನೆಗೆ ತುರ್ತು ಚಿಕಿತ್ಸಾ ಘಟಕ.

ನನ್ನ ಆಕ್ಷೇಪ ಇರುವುದು ಒಂದು ಮನೋಭಾವದ ಮೇಲೆ. ‘ಇದು ಐಟಿ ವಿಭಾಗದ ವಿಷಯ’ ಎಂದು ವೈದ್ಯರು ಎದ್ದು ಹೋಗುತ್ತಾರೆ, ‘ಇದು ಖರ್ಚಿನ ವಿಷಯ’ ಎಂದು ಆಡಳಿತದವರು ಮುಂದೂಡುತ್ತಾರೆ, ತಂತ್ರಜ್ಞ ಒಂಟಿಯಾಗುತ್ತಾನೆ. ದಿನಾಂಕ ಗೊತ್ತುಮಾಡುವ ಹೊಣೆ ಮೂವರದೂ ಹೌದು. ಅಪಾಯವನ್ನು ತಂತ್ರಜ್ಞ ವಿವರಿಸಲಿ, ಹಣವನ್ನು ಆಡಳಿತ ಒದಗಿಸಲಿ; ರೋಗಿಗೆ ಯಾವುದು ಸಹ್ಯ, ಯಾವುದು ಅಸಹ್ಯ ಎಂಬುದನ್ನು ವೈದ್ಯ ಹೇಳಲಿ. ಎರಡು ಗಂಟೆ ಪರದೆ ಕತ್ತಲಾಗಿರುವುದು ಸಹ್ಯ. ಕಾಗದ, ಪೆನ್ನು ಇವೆ. ಅಲರ್ಜಿಯ ಒಂದು ಸಾಲು ಅಳಿಯುವುದು ಅಸಹ್ಯ.

ಹೊರದೇಶಕ್ಕೆ ಬರಲು ಸಿದ್ಧರಾಗುತ್ತಿರುವ ಕಿರಿಯರಿಗೆ ಒಂದು ಕಿವಿಮಾತು. ಹೊಸ ಎಂಜಿನ್ ಬಲ್ಲವರು ಬಹಳ ಮಂದಿ ಸಿಗುತ್ತಾರೆ. ಹಳೆಯದನ್ನೂ ಬಲ್ಲ, ಎರಡರ ನಡುವೆ ಒಂದು ಸಾಲೂ ಕಳೆಯದಂತೆ ದಾಟಿಸಬಲ್ಲ, ‘ಇನ್ನೂ ಸಿದ್ಧವಾಗಿಲ್ಲ, ಮುಂದೂಡಿ’ ಎಂದು ಸಮಿತಿಯ ಮುಂದೆ ಹೇಳುವ ಧೈರ್ಯವಿರುವವರು ವಿರಳ. ಅಂಥವರಿಗೆ ನೈರೋಬಿಯಲ್ಲೂ ಕೆಲಸವಿದೆ, ನ್ಯೂಜೆರ್ಸಿಯಲ್ಲೂ ಇದೆ. ಊರಿನಲ್ಲಿರುವ ಹಿರಿಯರಿಗೆ ನನ್ನ ಕೋರಿಕೆ ಚಿಕ್ಕದು: ನಿಮ್ಮ ಔಷಧಿಗಳ ಹೆಸರು, ಒಗ್ಗದ ಮದ್ದಿನ ಹೆಸರು ಇವನ್ನು ಒಂದು ಚೀಟಿಯಲ್ಲಿ ಬರೆದು ಕಿಸೆಯಲ್ಲೋ ಪರ್ಸಿನಲ್ಲೋ ಇಟ್ಟುಕೊಳ್ಳಿ. ಯಾವ ಆಸ್ಪತ್ರೆಯ ಯಾವ ಉಗ್ರಾಣಿ ಯಾವಾಗ ಬದಲಾಗುತ್ತಾನೋ, ಆ ಚೀಟಿಗೆ ಮಾತ್ರ ಯಾವ ಎಂಜಿನ್ನೂ ಬೇಕಿಲ್ಲ.