ಕಿಸೆಯೊಳಗಿನ ಕಛೇರಿ

ವಾಡಿ, ಶಹಾಬಾದಗಳ ಕಡೆಯಿಂದ ನಮ್ಮ ಕಾಲೇಜಿಗೆ ಬರುವ ಗೆಳೆಯರಿಗೆ ‘ಪಾಳಿ’ ಎಂಬ ಶಬ್ದವನ್ನು ವಿವರಿಸಬೇಕಾಗಿಲ್ಲ. ಸಿಮೆಂಟು ಕಾರ್ಖಾನೆಯಲ್ಲಿಯೋ ಫರಸಿ ಕಲ್ಲಿನ ಗಣಿಯಲ್ಲಿಯೋ ದುಡಿಯುವವರ ಮನೆಗಳಿಂದ ಬಂದವರು ನಮ್ಮಲ್ಲಿ ಬಹಳ ಮಂದಿ. ಪಾಳಿ ಮುಗಿದರೆ ಕೆಲಸವು ಗೇಟಿನೊಳಗೇ ಉಳಿಯುತ್ತದೆ. ಮೈಗೆ ಹತ್ತಿದ ಧೂಳಷ್ಟೇ ಮನೆಗೆ ಬರುತ್ತದೆ. ೧೯೪೮ರ ಕಾರ್ಖಾನೆಗಳ ಕಾಯಿದೆಯು ದುಡಿಮೆಗೆ ವಾರಕ್ಕೆ ೪೮ ತಾಸುಗಳ ಮಿತಿ ಹಾಕಿದುದು ಇಂಥ ಗೇಟನ್ನು ಕಣ್ಣಮುಂದಿಟ್ಟುಕೊಂಡೇ ಇರಬೇಕು. ಆದರೆ ಪದವಿ ಪಡೆದು ನಾಳೆ ನಾವು ಸೇರಲಿರುವ ನೌಕರಿಗಳಿಗೆ ಗೇಟು ಎಲ್ಲಿದೆ? ಕಛೇರಿಯ ಇ-ಮೇಲನ್ನು ಸ್ವಂತ ಮೊಬೈಲಿನಲ್ಲಿ ಹಾಕಿಕೊಳ್ಳಿರೆಂದು ಮೊದಲ ದಿನವೇ ಹೇಳುತ್ತಾರೆ. ನಾವೂ ಹೆಮ್ಮೆಯಿಂದಲೇ ಹಾಕಿಕೊಳ್ಳುತ್ತೇವೆ. ಓದದೆ, ಕೇಳದೆ ಹಾಗೆ ಹಾಕಿಕೊಳ್ಳಬಾರದೆಂಬುದು ನನ್ನ ಅಭಿಪ್ರಾಯ.

ಹೀಗೆನ್ನಲು ಕಾರಣವುಂಟು. ಎರಡು ವರ್ಷಗಳ ಹಿಂದೆ ನಮ್ಮ ದೊಡ್ಡಪ್ಪನ ಮಗನಿಗೆ ಒಂದು ಖಾಸಗಿ ಕಛೇರಿಯಲ್ಲಿ ಉಗ್ರಾಣದ ಲೆಕ್ಕ ಬರೆಯುವ ಕೆಲಸ ಸಿಕ್ಕಿತು. ಇ-ಮೇಲು ಹಾಕಿಕೊಡಲು ನನ್ನನ್ನು ಕರೆದ. ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ; ಆದುದರಿಂದ ಇಂಗ್ಲಿಷಿನಲ್ಲಿ ಬರೆದುದೆಲ್ಲ ನನ್ನ ಪಾಲಿಗೆ. ವಿಳಾಸ, ಪಾಸ್‌ವರ್ಡು, ಸರ್ವರಿನ ಹೆಸರು ಎಲ್ಲವನ್ನೂ ತುಂಬಿದೆ. ಕೊನೆಗೆ ಉದ್ದನೆಯ ಒಪ್ಪಿಗೆಯ ಪತ್ರವೊಂದು ಪರದೆಯ ಮೇಲೆ ಬಂದಿತು. ‘ಒತ್ತೋ ತಮ್ಮಾ, ಸಾಹೇಬ್ರು ಕಾಯಲತ್ತಾರ’ ಎಂದ ಅಣ್ಣ. ಒತ್ತಿದೆ.

ಫೋನಿನಲ್ಲಿರುವ ಸಮಸ್ತವನ್ನೂ ಅಳಿಸುವ ಅಧಿಕಾರವನ್ನು ಕಛೇರಿಗೆ ಕೊಡುವ ಸಾಲು ಆ ಪತ್ರದಲ್ಲಿಯೇ ಇದ್ದಿತೆಂದು ನನಗೆ ಅರಿವಾದುದು ಹತ್ತು ತಿಂಗಳ ಮೇಲೆ, ಅವನು ಆ ಕೆಲಸ ಬಿಟ್ಟ ವಾರದಲ್ಲಿ. ಮುಂಜಾನೆ ಎದ್ದು ನೋಡಿದರೆ ಫೋನು ಅಂಗಡಿಯಿಂದ ತಂದ ದಿನದಂತೆ ಖಾಲಿ. ತೊಗರಿ ರಾಶಿಯ ಮುಂದೆ ಕೂತ ನಮ್ಮ ಅಜ್ಜಿಯ ಚಿತ್ರವು ಅದರಲ್ಲಿತ್ತು. ಅಜ್ಜಿ ಈಗಿಲ್ಲ; ಬೇರೆ ಚಿತ್ರವೂ ಇಲ್ಲ. ಅಣ್ಣ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಕಛೇರಿಗೂ ತನ್ನ ಕಾಗದಪತ್ರಗಳ ಚಿಂತೆ ಇರುವುದು ನ್ಯಾಯವೇ. ನೌಕರನ ಫೋನು ಸಂತೆಯಲ್ಲಿ ಕಳೆದರೆ ದರಪಟ್ಟಿ, ಲೆಕ್ಕಪತ್ರಗಳು ಪರರ ಕೈಸೇರಿಯಾವು. ಆದರೆ ತನ್ನ ಕಾಗದ ಸುಡಲೆಂದು ನನ್ನ ಮನೆಗೇ ಬೆಂಕಿಯಿಡಬೇಕೆ? ೨೦೧೪ರಲ್ಲಿ ಬಂದ ಆಂಡ್ರಾಯ್ಡ್ ೫ರಿಂದೀಚೆಗೆ ಫೋನಿನಲ್ಲಿ ಕಛೇರಿಗೆಂದೇ ಬೇರೊಂದು ಕೋಣೆ ಮಾಡಿಕೊಡುವ ಅನುಕೂಲವಿದೆ. ಅದನ್ನು ವರ್ಕ್ ಪ್ರೊಫೈಲ್ ಎನ್ನುತ್ತಾರೆ. ಅಲ್ಲಿಯ ಆ್ಯಪುಗಳ ಮೇಲೆ ಸಣ್ಣ ಕೈಪೆಟ್ಟಿಗೆಯ ಗುರುತಿರುತ್ತದೆ. ನಮ್ಮ ಸ್ವಂತ ಫೋನಿನಲ್ಲಿ ಹೀಗೆ ಮಾಡಿದರೆ ಕಛೇರಿಯು ಆ ಕೋಣೆಯನ್ನಷ್ಟೇ ಅಳಿಸಬಲ್ಲುದು. ಸಂಜೆ ಅದರ ಬಾಗಿಲನ್ನು ನಾವೇ ಮುಚ್ಚಿಡಲೂಬಹುದು. ಇದನ್ನು ಕೇಳುವುದು ಉದ್ಧಟತನವಲ್ಲ. ಆಗದೆಂದರೆ ಕಛೇರಿಯೇ ಒಂದು ಫೋನು ಕೊಡಲಿ.

ಬಾಗಿಲು ಮುಚ್ಚಿದರೆ ಸಾಹೇಬರು ಸುಮ್ಮನಿರುವರೆ ಎಂಬುದು ಬೇರೆ ಮಾತು. ಫ್ರಾನ್ಸಿನಲ್ಲಿ ೨೦೧೭ರ ಜನವರಿ ೧ರಿಂದ, ೫೦ ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳು ವೇಳೆ ಮೀರಿದ ಸಂದೇಶಗಳಿಂದ ದೂರವಿರುವ ಹಕ್ಕಿನ ವಿಷಯವಾಗಿ ನೌಕರರ ಪ್ರತಿನಿಧಿಗಳೊಡನೆ ಮಾತುಕತೆ ನಡೆಸಬೇಕೆಂದಾಯಿತು. ನಮ್ಮ ಲೋಕಸಭೆಯಲ್ಲಿ ಸುಪ್ರಿಯಾ ಸುಳೆ ಅವರು ೨೦೧೮ರಲ್ಲಿ ಇಂಥ ಹಕ್ಕಿಗಾಗಿ ಖಾಸಗಿ ಸದಸ್ಯರ ವಿಧೇಯಕವನ್ನು ಮಂಡಿಸಿದರು, ಅದು ಕಾಯಿದೆಯಾಗಲಿಲ್ಲ. ೨೦೨೫ರ ಡಿಸೆಂಬರಿನಲ್ಲಿ ಮತ್ತೆ ಮಂಡಿಸಿದರು.

ಚಿಂಚೋಳಿಯ ಗೆಳೆಯನೊಬ್ಬ ಇದನ್ನೆಲ್ಲ ಕೇಳಿ ನಕ್ಕ: ‘ಮೊದಲ ನೌಕರಿ ಸಿಗಲಿ, ಆಮ್ಯಾಲ ಹಕ್ಕಿನ ಮಾತು.’ ಅವನ ಮಾತಿನಲ್ಲಿ ಸತ್ಯವಿದೆ. ಕೈಗೆ ಬಂದ ಕೆಲಸವನ್ನು ಬೇಡವೆನ್ನುವಷ್ಟು ಅನುಕೂಲ ಸೇಡಂ, ಚಿತ್ತಾಪುರಗಳ ಎಷ್ಟು ಮನೆಗಳಿಗಿದೆ? ಆದರೆ ನಾನು ಬಿಡಿರೆನ್ನುತ್ತಿಲ್ಲ, ಓದಿ ಒತ್ತಿರೆನ್ನುತ್ತಿದ್ದೇನೆ. ಗುರುಗಳಲ್ಲಿಯೂ ಒಂದು ಬಿನ್ನಹ: ಇಂಗ್ಲಿಷ್ ತರಗತಿಯಲ್ಲಿ ಒಂದು ದಿನ ಪದ್ಯವನ್ನು ಬದಿಗಿಟ್ಟು ಇಂಥ ಒಪ್ಪಿಗೆಯ ಪತ್ರವೊಂದನ್ನು ನಮ್ಮಿಂದ ಓದಿಸಬಾರದೆ?

ಅಣ್ಣ ಈಗ ಶಹಾಬಾದದಲ್ಲಿ ಬೇರೆ ಕೆಲಸ ಹಿಡಿದಿದ್ದಾನೆ. ಹೋದ ತಿಂಗಳು ಮತ್ತೆ ಫೋನು ತಂದು ನನ್ನ ಮುಂದಿಟ್ಟ. ಈ ಸಲ ಇಬ್ಬರೂ ಕೂತು ಒಂದೊಂದೇ ಸಾಲನ್ನು ಓದಿದೆವು. ಅರ್ಧ ತಾಸು ಹಿಡಿಯಿತು. ಸಾಹೇಬರು ಕಾದರು.