ತಂದೆಯ ಹೆಸರಿನಲ್ಲಿ ಒಂದು ಆಟ

ತಂದೆ ತೀರಿಕೊಂಡ ಮನೆಯಲ್ಲಿ ಮೊದಲ ಹದಿಮೂರು ದಿನ ಜನಕ್ಕೆ ಕೊರತೆಯಿರುವುದಿಲ್ಲ. ನೆಂಟರು, ನೆರೆಯವರು, ಕಚೇರಿಯ ಗೆಳೆಯರು ಬಂದು ಹೋಗುತ್ತಿರುತ್ತಾರೆ. ಕೊನೆಯ ನೆಂಟನೂ ರೈಲು ಹತ್ತಿದ ಮೇಲೆ ನಿಜವಾದ ದುಃಖವು ಹೊಸ್ತಿಲು ದಾಟಿ ಒಳಗೆ ಬರುತ್ತದೆ. ಬರಿದಾದ ಆರಾಮಕುರ್ಚಿ, ಗೂಟಕ್ಕೆ ತೂಗುಹಾಕಿದ ಕೊಡೆ, ಮೂಲೆಯಲ್ಲಿನ ಚಪ್ಪಲಿ, ಎಲ್ಲವೂ ಒಂದೇ ಮಾತನ್ನು ಹೇಳುತ್ತವೆ. ಕೆಲವು ತಿಂಗಳಲ್ಲಿ ಆಸ್ತಿಯ ಮಾತು ಏಳುತ್ತದೆ. ಒಬ್ಬ ಮಗ ಬೆಂಗಳೂರಿಗೆ, ಇನ್ನೊಬ್ಬ ಪುಣೆಗೆ. ಅನಂತರ ಅಣ್ಣತಮ್ಮಂದಿರು ಪರಸ್ಪರ ಮುಖ ನೋಡುವುದು ವರ್ಷಕ್ಕೊಮ್ಮೆ, ತಿಥಿಯ ದಿನ. ಅದೂ ಗಡಿಯಾರದ ಮೇಲೆ ಒಂದು ಕಣ್ಣಿಟ್ಟು.

ಶ್ರದ್ಧೆಯಿಂದ ಮಾಡತಕ್ಕದ್ದು ಶ್ರಾದ್ಧವೆಂದು ಹಿರಿಯರು ಹೇಳುತ್ತಾರೆ. ಎಳ್ಳುನೀರು ಬಿಟ್ಟ ಕೈ ಒಣಗುವ ಮುನ್ನವೇ ಬಸ್ಸಿನ ಹೊತ್ತು ವಿಚಾರಿಸುವವರಿಗೆ ಆ ಶ್ರದ್ಧೆ ಎಲ್ಲಿಂದ ಒದಗಬೇಕು? ಈ ಪ್ರಶ್ನೆಗೆ ಕೊಡಗಿನವರು ಹಾಕಿ ಮೈದಾನದಲ್ಲಿ ಒಂದು ಉತ್ತರವನ್ನು ಕಂಡುಕೊಂಡಿರುವರೆಂದರೆ ಓದುಗರಿಗೆ ಸೋಜಿಗವಾಗಬಹುದು.

ಕೊಡವರ ಬಾಳಿಗೆ ಆಧಾರ ಒಕ್ಕ; ಎಂದರೆ ಒಬ್ಬ ಮೂಲಪುರುಷನಿಂದ ಇಳಿದುಬಂದ ಕುಟುಂಬ. ಆ ಮೂಲಪುರುಷನನ್ನು ಗುರುಕಾರಣನೆಂದು ಪೂಜಿಸುತ್ತಾರೆ. ಅವರಲ್ಲಿ ವ್ಯಕ್ತಿಯ ಹೆಸರಿಗಿಂತ ಮೊದಲು ಬರುವುದು ಒಕ್ಕದ ಹೆಸರು. ತಂದೆ ಹೋದರೂ ತಂದೆ ಹೊತ್ತಿದ್ದ ಆ ಹೆಸರು ಮಗನ ಹೆಸರಿನ ಮುಂದೆ ನಿಂತೇ ಇರುತ್ತದೆ.

ಈ ಹೆಸರನ್ನೇ ಮೈದಾನಕ್ಕೆ ಇಳಿಸಿದವರು ಪಾಂಡಂಡ ಕುಟ್ಟಪ್ಪನವರು. 1997ರಲ್ಲಿ ಕರಡ ಗ್ರಾಮದಲ್ಲಿ ಅವರು ಕೊಡವ ಕುಟುಂಬಗಳ ಹಾಕಿ ಉತ್ಸವವನ್ನು ಆರಂಭಿಸಿದಾಗ ಬಂದವು 60 ಕುಟುಂಬಗಳು. ಕಟ್ಟಳೆ ಸರಳವಾದದ್ದು: ತಂಡವೆಂದರೆ ಒಂದು ಒಕ್ಕ. ದೊಡ್ಡ ಆಟಗಾರನೇ ಆಗಿರಲಿ, ಅವನು ಆಡಬೇಕಾದದ್ದು ತನ್ನ ಮನೆತನದ ಪರವಾಗಿ. ಗಂಡಸರೊಡನೆ ಹೆಂಗಸರೂ, ನರೆತ ತಲೆಯವರೊಡನೆ ಶಾಲೆಯ ಹುಡುಗರೂ ಕೋಲು ಹಿಡಿಯುತ್ತಾರೆ. ವರ್ಷಕ್ಕೊಂದು ಒಕ್ಕ ಆತಿಥ್ಯ ವಹಿಸುತ್ತದೆ. ಆ ವರ್ಷದ ಕಪ್ಪಿಗೆ ಅದರದೇ ಹೆಸರು.

ಇಂಥ ತಂಡದಲ್ಲಿ, ಹಿಂದಿನ ವರ್ಷ ತಂದೆಯನ್ನು ಕಳೆದುಕೊಂಡ ಹುಡುಗನೊಬ್ಬನನ್ನು ಭಾವಿಸಿಕೊಳ್ಳಿ. ಮನೆಯಲ್ಲಿ ಅವನಿಗೆ ಸಮಾಧಾನ ಹೇಳಿದವರು ಅನೇಕರಿದ್ದಾರು. ಯಾವ ಮಾತೂ ಎದೆಗೆ ಇಳಿದಿರಲಾರದು. ಮೈದಾನದಲ್ಲಿ ಯಾರೂ ಸಮಾಧಾನ ಹೇಳುವುದಿಲ್ಲ. ಚಿಕ್ಕಪ್ಪ ಚೆಂಡನ್ನು ಅವನ ಕಡೆಗೆ ತಳ್ಳುತ್ತಾನೆ, ಅಷ್ಟೆ. ಅದನ್ನು ಮುಂದಕ್ಕೆ ಒಯ್ಯುವುದು ಅವನ ಕೆಲಸ. ತನಗಾಗಿ ಒಂದು ಸ್ಥಾನವಿದೆ, ಅಲ್ಲಿ ತಾನಿಲ್ಲದಿದ್ದರೆ ಮನೆತನಕ್ಕೆ ಕುಂದು ಎಂಬ ಅರಿವು ಅವನಿಗೆ ಆ ಗಳಿಗೆಯಲ್ಲಿ ಮೂಡುತ್ತದೆ. ಬಾಳಿಗೆ ಗುರಿಯೆನ್ನುವುದು ಇದಲ್ಲದೆ ಬೇರೇನು?

ರಕ್ತಸಂಬಂಧವಿಲ್ಲದ ತಂಡವೇ ಮನೆಯಾಗುವುದೂ ಉಂಟು. ಅದೇ ಕೊಡಗಿನ ಸೋಮವಾರಪೇಟೆಯ ಎಸ್. ವಿ. ಸುನಿಲ್ ಬಡಗಿಯೊಬ್ಬರ ಮಗ. ಬಿದಿರಿನ ಕೋಲು ಹಿಡಿದು ಆಟ ಕಲಿತವರು. ತಾಯಿಯನ್ನು ಎಳವೆಯಲ್ಲೇ ಕಳೆದುಕೊಂಡಿದ್ದರು. 2009ರಲ್ಲಿ ಮಲೇಷ್ಯಾದ ಇಪೋ ನಗರದಲ್ಲಿ ಅಜ್ಲಾನ್ ಷಾ ಪಂದ್ಯಾವಳಿ ನಡೆಯುತ್ತಿದ್ದಾಗ ತಂದೆ ತೀರಿಕೊಂಡ ಸುದ್ದಿ ಬಂತು. ಸುನಿಲ್ ಊರಿಗೆ ಮರಳದೆ ತಂಡದೊಡನೆ ಉಳಿದು ಆಡಿದರು. ಭಾರತ ಆ ಕಪ್ಪನ್ನು ಗೆದ್ದಿತು. ಮುಂದೆ ಅವರು 2012 ಮತ್ತು 2016ರ ಒಲಿಂಪಿಕ್ಸ್‌ಗಳಲ್ಲಿಯೂ ದೇಶಕ್ಕಾಗಿ ಆಡಿದರು. ಆಗ ಅವರು ಮಾಡಿದ್ದು ಸರಿಯೋ ತಪ್ಪೋ ಎಂದು ತೀರ್ಪು ಕೊಡುವ ಅಧಿಕಾರ ಯಾರಿಗಿದೆ? ಅಂತ್ಯಸಂಸ್ಕಾರಕ್ಕೆ ಓಡಿಬರುವುದೂ ಪಿತೃಭಕ್ತಿಯೇ. ತಂದೆ ಬೆಳೆಸಿದ ಕೈಯಿಂದ ಹಿಡಿದ ಕೆಲಸವನ್ನು ಮುಗಿಸುವುದೂ ಪಿತೃಭಕ್ತಿಯೇ.

ಆಟವು ದುಃಖವನ್ನು ಅಳಿಸಿಬಿಡುತ್ತದೆಂದು ತಿಳಿಯಬಾರದು. ಪಂದ್ಯ ಮುಗಿದು ಮನೆಗೆ ಬಂದರೆ ಆ ಆರಾಮಕುರ್ಚಿ ಬರಿದಾಗಿಯೇ ಇರುತ್ತದೆ. ಆದರೆ ಅದನ್ನು ನೋಡುವ ಕಣ್ಣು ಒಂಟಿಯಾಗಿರುವುದಿಲ್ಲ.

ಆ ಉತ್ಸವಕ್ಕೇ ಒಮ್ಮೆ ಇಂಥ ಪರೀಕ್ಷೆ ಒದಗಿತು. ಪ್ರಕೃತಿಯ ಮುನಿಸು, ಆಮೇಲೆ ಕೋವಿಡ್ ಸಾಂಕ್ರಾಮಿಕ ಇವುಗಳಿಂದ ಅದು ಕೆಲವು ವರ್ಷ ನಿಂತುಹೋಯಿತು. ಆ ನಡುವೆ, 2020ರಲ್ಲಿ, ಕುಟ್ಟಪ್ಪನವರೇ ತೀರಿಕೊಂಡರು. ತಂದೆಯಿಲ್ಲದ ಮನೆಯಂತೆ ಅದೂ ಚದುರಿಹೋಗಬಹುದಾಗಿತ್ತು. ಚದುರಲಿಲ್ಲ. 2023ರಲ್ಲಿ ನಾಪೋಕ್ಲುವಿನಲ್ಲಿ ಕುಟುಂಬಗಳು ಮತ್ತೆ ಕೂಡಿದವು. 2024ರ ಕುಂಡ್ಯೋಳಂಡ ಕಪ್ಪಿಗೆ 360 ತಂಡಗಳು, 2025ರಲ್ಲಿ ಮಡಿಕೇರಿಯಲ್ಲಿ ನಡೆದ ಮುದ್ದಂಡ ಕಪ್ಪಿಗೆ 396 ತಂಡಗಳು ಬಂದವು. 60 ಮನೆಗಳನ್ನು ಕರೆದ ಹಿರಿಯರಿಗೆ ಇದಕ್ಕಿಂತ ದೊಡ್ಡ ಶ್ರಾದ್ಧವನ್ನು ಯಾವ ಪುರೋಹಿತರು ಮಾಡಿಸಿಯಾರು?

ಹಾಕಿಯೇ ಆಗಬೇಕೆಂದಿಲ್ಲ, ಕೊಡಗಿನ ಗುಡ್ಡಗಳೇ ಬೇಕೆಂದೂ ಇಲ್ಲ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಬಯಲುಸೀಮೆಯಲ್ಲೂ ಒಂದು ಮಂಗಳೂರು ಇದೆ. ಕಡಲ ತಡಿಯದಲ್ಲ, ಒಂದು ಹಳ್ಳಿ. ಅಂಥ ಹಳ್ಳಿಗಳಲ್ಲಿ ಕಬಡ್ಡಿಗೆ ಬೇಕಾದದ್ದು ಒಂದಿಷ್ಟು ಸಮನೆಲ, ಎಳೆದ ಒಂದು ಗೆರೆ, ಎರಡೂ ಕಡೆ ನಿಲ್ಲಲು ಜನ. ಪಟ್ಟಣದ ಮನೆಯಾದರೆ ಅಂಗಳದ ಷಟ್ಲ್ ಬ್ಯಾಡ್ಮಿಂಟನ್ ಸಾಕು, ಹಜಾರದ ಚೌಕಾಬಾರವೂ ಸಾಕು.

ಮುಂದಿನ ತಿಥಿಯ ದಿನ ಊಟವಾದ ಮೇಲೆ ಅಣ್ಣತಮ್ಮಂದಿರು ಕೂಡಲೇ ಹೊರಡದಿರಲಿ. ಮಕ್ಕಳನ್ನು ಕರೆದುಕೊಂಡು ಸಂಜೆ ಹೊರಗೆ ಇಳಿಯಲಿ. ಅಜ್ಜನು ಹೇಗೆ ಆಡುತ್ತಿದ್ದನೆಂದು ಮೊಮ್ಮಕ್ಕಳು ಕೇಳಿಯೇ ಕೇಳುತ್ತಾರೆ. ಅದನ್ನು ಹೇಳಲು ಅಣ್ಣನೂ ತಮ್ಮನೂ ಒಟ್ಟಿಗೆ ಬಾಯಿ ತೆರೆದರೆ, ಆ ಮನೆ ಇನ್ನೂ ಒಡೆದಿಲ್ಲವೆಂದು ತಿಳಿಯಬಹುದು.